ಪ್ಲೇಟಿನಲ್ಲಿ ಕೇಳಿದ ಕಚೇರಿ

ಕಳೆದ ತಿಂಗಳು ನಮ್ಮ ಮಿತ್ರರಾದ ರಾಯರ ಮನೆಗೆ ನಾವು ಹೋಗಿದ್ದಾಗ ಅಲ್ಲಿ ಒಂದು ಸಣ್ಣ ವ್ಯಾಜ್ಯವು ನಡೆಯುತ್ತಿದ್ದಿತು. ರಾಮನವಮಿಯ ಸಂಗೀತೋತ್ಸವವೊಂದರಲ್ಲಿ ಹಾಡಲಿದ್ದ ಒಬ್ಬ ವಿದುಷಿಯರ ಕಚೇರಿಗೆ ಮನೆಮಂದಿಯೆಲ್ಲರೂ ಹೋಗಬೇಕೆಂದು ಅವರ ಮಗಳು ಹಟ ಹಿಡಿದಿದ್ದಳು. ಐದು ಜನರ ಟಿಕೆಟ್ಟು, ಹೋಗಿಬರುವ ಗಾಡಿಯ ಬಾಡಿಗೆ, ಹೊರಗಿನ ತಿಂಡಿ, ಇವೆಲ್ಲವನ್ನೂ ರಾಯರು ಕಾಗದದ ಮೇಲೆ ಕೂಡಿಸಿ ಮುಖವನ್ನು ಗಂಟಿಕ್ಕಿಕೊಂಡು ಕುಳಿತಿದ್ದರು.

“ಅಲ್ಲಮ್ಮಾ, ಅವರ ಹೋದ ವರುಷದ ಕಚೇರಿಯು ನಿನ್ನ ಫೋನಿನಲ್ಲಿಯೇ ಇದೆ. ಕಾಲು ಚಾಚಿಕೊಂಡು ಮನೆಯಲ್ಲಿಯೇ ಕೇಳಬಹುದು. ಮನೆಯಲ್ಲಿ ಇರುವ ಸಾಮಾನನ್ನು ತರುವುದಕ್ಕೆ ಯಾರಾದರೂ ಪೇಟೆಗೆ ಹೋಗುತ್ತಾರೆಯೆ?” ಎಂದು ರಾಯರು ಕೇಳಿದರು.

“ಅದನ್ನು ಕೇಳಿದ್ದರಿಂದಲೇ ಅಪ್ಪಾ, ಹೋಗಬೇಕು ಅನ್ನಿಸಿದ್ದು” ಎಂದಳು ಮಗಳು.

ರಾಯರು ನಮ್ಮ ಕಡೆಗೆ ತಿರುಗಿ, “ನೀವು ಪತ್ರಿಕೆಯವರು, ನೀವೇ ತೀರ್ಪು ಹೇಳಿ” ಎಂದರು. ಅಂದು ನಾವು ಕಾಫಿಯನ್ನು ಕುಡಿದು ಜಾರಿಕೊಂಡು ಬಂದೆವು. ಆ ಬಾಕಿಯನ್ನು ಈ ತಿಂಗಳ ಈ ಪುಟದಲ್ಲಿ ತೀರಿಸಬೇಕೆಂದಿದ್ದೇವೆ. ಮನೆಯಲ್ಲಿ ಕೇಳುವ ಕಚೇರಿಯ ಮುದ್ರಿಕೆಯು ನಮ್ಮನ್ನು ಸಭೆಗೆ ಕರೆದೊಯ್ಯುವುದೋ, ಸಭೆಯಿಂದ ತಡೆಯುವುದೋ ಎಂಬುದೇ ಪ್ರಶ್ನೆ. ಇದು ಬರಿಯ ವಿನೋದದ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಸಂಸಾರಸ್ಥನ ಹಣವೂ ಹೊತ್ತೂ ಇದರಲ್ಲಿ ಸೇರಿವೆ. ಕಲಾವಿದರ ಜೀವನವೂ ಸೇರಿದೆ. ಮುಂದೆ ಹೇಳುವಂತೆ, ಒಮ್ಮೆ ಕೈತಪ್ಪಿದರೆ ಮತ್ತೆ ದೊರೆಯದ ಒಂದು ವಸ್ತುವೂ ಸೇರಿದೆ.

ರಾಯರ ಸಂಶಯವು ಗ್ರಾಮಫೋನಿನಷ್ಟೇ ಹಳೆಯದು. 1902ನೆಯ ಇಸವಿಯ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರರು ಗೌಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡರು. ಒಂದು ಪ್ಲೇಟಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಸಭೆಯಲ್ಲಿ ಒಂದು ಘಂಟೆ ವಿಸ್ತರಿಸತಕ್ಕ ರಾಗವನ್ನು ಆ ಮೂರು ನಿಮಿಷಕ್ಕೆ ಅಡಕಮಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿ ಆಕೆ ಮುಗಿಸುತ್ತಿದ್ದರು. ಆಕೆಯನ್ನು ಕಣ್ಣಿನಿಂದ ಕಾಣದ ಮನೆಗಳಿಗೂ ಆ ಹೆಸರು ಹೀಗೆ ಹೋಗಿ ಸೇರಿತು. ಅವರೇ 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆ ಕಾಲದ ಪ್ಲೇಟು ಕಚೇರಿಯ ಸ್ಥಾನದಲ್ಲಿ ನಿಲ್ಲುವಂತಿರಲಿಲ್ಲ. ಅದು ಗಾಯಕರ ಪರಿಚಯಪತ್ರವಾಗಿದ್ದಿತು, ಅಷ್ಟೆ.

1948ರಲ್ಲಿ ಅಮೆರಿಕಾದ ಕೊಲಂಬಿಯಾ ಕಂಪೆನಿಯವರು ನಿಧಾನವಾಗಿ ತಿರುಗುವ ದೊಡ್ಡ ಪ್ಲೇಟನ್ನು ತಂದರು. ಅದರ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಹಾಡು ಹಿಡಿಯುತ್ತಿದ್ದಿತು. ಅದೇ ಕಾಲದಲ್ಲಿ ಟೇಪಿನ ಯಂತ್ರವೂ ಬಳಕೆಗೆ ಬಂದಿತು. ಈ ಎರಡೂ ಕೂಡಿದ ಮೇಲೆ ಕೇಳುಗರ ಎದುರಿಗೆ ನಡೆದ ಇಡಿಯ ಕಚೇರಿಯನ್ನೇ ಮನೆಗೆ ತರುವುದು ಸುಲಭವಾಯಿತು. ಈಗಿನವರು ‘ಲೈವ್ ಆಲ್ಬಮ್’ ಎಂದು ಕರೆಯುವುದು ಇದನ್ನೇ. ಆಗ ರಾಯರ ಪ್ರಶ್ನೆಗೆ ನಿಜವಾದ ಬಲ ಬಂದಿತು. ಕೆನಡಾ ದೇಶದ ಹೆಸರಾಂತ ಪಿಯಾನೋ ವಾದಕರಾದ ಗ್ಲೆನ್ ಗೂಲ್ಡ್ 1964ರ ಏಪ್ರಿಲಿನಲ್ಲಿ ಸಭೆಗಳಲ್ಲಿ ನುಡಿಸುವುದನ್ನೇ ಬಿಟ್ಟುಬಿಟ್ಟು, ಮುದ್ರಣದ ಕೋಣೆಯೇ ತಮಗೆ ಸಾಕೆಂದರು. ಇನ್ನೇನು, ಇಪ್ಪತ್ತನೆಯ ಶತಮಾನವು ಮುಗಿಯುವುದರೊಳಗೆ ಸಾರ್ವಜನಿಕ ಕಚೇರಿಯೆಂಬುದೇ ಅಳಿದುಹೋಗುವುದೆಂದೂ ಬರೆದರು. ಶತಮಾನವು ಮುಗಿಯಿತು, ಕಚೇರಿಗಳು ಅಳಿಯಲಿಲ್ಲ. ಅಷ್ಟು ದೊಡ್ಡ ಬುದ್ಧಿವಂತರ ಲೆಕ್ಕವು ಎಲ್ಲಿ ತಪ್ಪಿತು?

ಇದಕ್ಕೆ ಉತ್ತರವು ಅಮೆರಿಕಾದ ಜನಪ್ರಿಯ ಸಂಗೀತದಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಒಂದೇ ಹಾಡು ಕೋಣೆಯ ಮುದ್ರಿಕೆಯಾಗಿಯೂ ಸಭೆಯ ಮುದ್ರಿಕೆಯಾಗಿಯೂ ಮಾರಾಟಕ್ಕೆ ಬರುವುದರಿಂದ, ಜನರು ಯಾವುದಕ್ಕೆ ಹೇಗೆ ಒಲಿದರೆಂಬುದನ್ನು ತೂಗಿ ನೋಡಬಹುದು.

ಜೇಮ್ಸ್ ಬ್ರೌನ್ ಎಂಬ ಗಾಯಕರು 1962ರಲ್ಲಿ, ನ್ಯೂಯಾರ್ಕಿನ ಹಾರ್ಲೆಂ ಭಾಗದಲ್ಲಿರುವ ಅಪೋಲೋ ನಾಟಕಶಾಲೆಯಲ್ಲಿ ತಾವು ಹಾಡುವುದನ್ನು ಪ್ಲೇಟು ಮಾಡಿಸಬೇಕೆಂದು ತಮ್ಮ ಕಂಪೆನಿಯ ಯಜಮಾನರಾದ ಸಿಡ್ ನೇಥನ್ನರನ್ನು ಕೇಳಿದರು. ಯಜಮಾನರು ಒಪ್ಪಲಿಲ್ಲ. ಹಾಡುಗಳೆಲ್ಲ ಆಗಲೇ ಅಂಗಡಿಯಲ್ಲಿ ಸಿಕ್ಕುತ್ತಿರುವಾಗ, ಹೊಸ ಹಾಡೊಂದೂ ಇಲ್ಲದ ಪ್ಲೇಟನ್ನು ಕೊಳ್ಳುವವರು ಯಾರು ಎಂಬುದು ಅವರ ವಾದ. ನಮ್ಮ ರಾಯರೂ ಇದನ್ನೇ ಅಲ್ಲವೆ ಹೇಳಿದ್ದು! ಬ್ರೌನರು ತಮ್ಮ ಕೈಯ ಹಣವನ್ನೇ ಹಾಕಿ ಅಕ್ಟೋಬರ್ 24ರ ರಾತ್ರಿಯ ಹಾಡಿಕೆಯನ್ನು ಮುದ್ರಿಸಿದರು. 1963ರಲ್ಲಿ ಹೊರಬಂದ ಆ ಪ್ಲೇಟು ಅಮೆರಿಕಾದ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿ, 66 ವಾರ ಆ ಪಟ್ಟಿಯಲ್ಲಿ ನಿಂತಿತು. ಅದರಲ್ಲಿರುವುದು ಒಟ್ಟು ಅರ್ಧ ಘಂಟೆಯ ಹಾಡಿಕೆ. ಅದರೊಳಗೆ ಒಂದೇ ಹಾಡು ಹತ್ತು ನಿಮಿಷಕ್ಕೂ ಮೀರಿ ಬೆಳೆಯುತ್ತದೆ. ಗಾಯಕರು ಒಂದು ಮಾತನ್ನು ಹಿಡಿದು ತಿರುತಿರುಗಿಸಿ ಹಾಡುತ್ತಾರೆ. ಕೇಳುಗ ಹೆಂಗಸರು ಮಧ್ಯೆ ಮಧ್ಯೆ ಕೂಗುತ್ತಾರೆ. ಆ ಕೂಗಿಗೆ ಉತ್ತರವಾಗಿ ಇವರು ಮತ್ತೊಂದು ಸಲ ಹೇಳುತ್ತಾರೆ. ನಮ್ಮಲ್ಲಿ ಸಾಹಿತ್ಯದ ಒಂದು ಪಂಕ್ತಿಯನ್ನು ಹಿಡಿದು ನೆರವಲ್ ಮಾಡುವುದನ್ನು ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಕೇಳುಗರು ಆ ಹಾಡನ್ನು ಬೆಳೆಸುವವರಲ್ಲಿ ಪಾಲುಗಾರರೆಂಬುದು ಪ್ಲೇಟಿನಲ್ಲಿ ಕಿವಿಗೆ ಬೀಳುತ್ತದೆ. ಅದನ್ನು ಕೇಳಿದವನಿಗೆ, ತಾನೂ ಅಲ್ಲಿ ಇರಬೇಕಾಗಿತ್ತು ಎಂದು ಅನ್ನಿಸದಿರಲಾರದು.

ಇನ್ನೊಂದು ಸಂಗತಿಯನ್ನು ನೋಡಿ. ‘ಚೀಪ್ ಟ್ರಿಕ್’ ಎಂಬ ಅಮೆರಿಕಾದ ವಾದ್ಯಮೇಳದವರಿಗೆ ಸ್ವದೇಶದಲ್ಲಿ ಅಷ್ಟೇನೂ ಹೆಸರಿರಲಿಲ್ಲ. ಜಪಾನಿನಲ್ಲಿ ಮಾತ್ರ ಬಹಳ ಅಭಿಮಾನಿಗಳಿದ್ದರು. 1978ರ ಏಪ್ರಿಲಿನಲ್ಲಿ ಟೋಕಿಯೋ ನಗರದ ಬುಡೋಕಾನ್ ಸಭಾಂಗಣದಲ್ಲಿ ಅವರು ನಡೆಸಿದ ಕಚೇರಿಗಳನ್ನು ಜಪಾನಿನ ಅಭಿಮಾನಿಗಳಿಗಾಗಿಯೇ ಪ್ಲೇಟು ಮಾಡಿದರು. ಅದರ ಪ್ರತಿಗಳು ಸಮುದ್ರ ದಾಟಿ ಅಮೆರಿಕಾಕ್ಕೆ ಬಂದು, ಜನರು ಹುಡುಕಿ ಹುಡುಕಿ ಕೊಂಡುದರಿಂದ, 1979ರಲ್ಲಿ ಅಲ್ಲಿಯೂ ಅದನ್ನು ಹೊರತರಬೇಕಾಯಿತು. 1977ರಲ್ಲಿ ಕೋಣೆಯಲ್ಲಿ ಮುದ್ರಿಸಿದಾಗ ಅಮೆರಿಕಾದಲ್ಲಿ ಯಾರೂ ಲಕ್ಷಿಸದಿದ್ದ ಒಂದು ಹಾಡು, ಸಭೆಯ ಮುದ್ರಿಕೆಯಲ್ಲಿ ಅಲ್ಲಿನ ಮೊದಲ ಹತ್ತು ಹಾಡುಗಳಲ್ಲಿ ಒಂದಾಯಿತು. ಹಾಡು ಅದೇ, ಹಾಡಿದವರೂ ಅವರೇ. ವ್ಯತ್ಯಾಸವಿದ್ದದ್ದು ಹಾಡಿದ ಬಗೆಯಲ್ಲಿಯೂ ಸುತ್ತಣ ಸಾವಿರಾರು ಕಂಠಗಳಲ್ಲಿಯೂ. ಇದಕ್ಕೆ ಸ್ವಲ್ಪ ಹಿಂದೆ, 1976ರಲ್ಲಿ, ಪೀಟರ್ ಫ್ರಾಂಪ್ಟನ್ ಎಂಬ ಇಂಗ್ಲಿಷ್ ಗಾಯಕರ ಕಚೇರಿಯ ಮುದ್ರಿಕೆಯೂ ಹೀಗೆಯೇ ಹತ್ತು ವಾರ ಮೊದಲನೆಯ ಸ್ಥಾನದಲ್ಲಿದ್ದು, ಅದುವರೆಗೆ ಸಾಧಾರಣ ಹೆಸರಿನವರಾಗಿದ್ದ ಅವರನ್ನು ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡುವವರನ್ನಾಗಿ ಮಾಡಿತು.

ಹಾಗಾದರೆ ಸಭೆಯಲ್ಲಿ ಯಂತ್ರವನ್ನಿಟ್ಟು ಹಿಡಿದುದೆಲ್ಲವೂ ಜನರನ್ನು ಸೆಳೆಯುವುದೆ? ಇಲ್ಲ. ಇಲ್ಲಿಯೇ ಗುಣದ ವಿಚಾರವು ಬರುತ್ತದೆ.

‘ಬೀಟಲ್ಸ್’ ಎಂಬ ನಾಲ್ವರು ಇಂಗ್ಲಿಷ್ ತರುಣರ ಹೆಸರನ್ನು ನಮ್ಮ ವಾಚಕರಲ್ಲಿ ಕೇಳದವರು ಕಡಿಮೆ. 1964 ಮತ್ತು 1965ರಲ್ಲಿ ಅಮೆರಿಕಾದ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಅವರು ಹಾಡಿದಾಗ ಮುದ್ರಣ ನಡೆಯಿತು. ಸೇರಿದ್ದ ಸಾವಿರಾರು ಹುಡುಗಿಯರ ಚೀತ್ಕಾರವು ಎಷ್ಟಿತ್ತೆಂದರೆ, ಹಾಡುವವರಿಗೆ ತಮ್ಮ ಹಾಡೇ ಕೇಳಿಸುತ್ತಿರಲಿಲ್ಲ. ಅವರ ಕಡೆಗೆ ಮುಖಮಾಡಿ ಧ್ವನಿಯನ್ನು ಹಿಂದಿರುಗಿಸುವ ಧ್ವನಿವರ್ಧಕಗಳು ಆಗ ಇರಲಿಲ್ಲ. ಆ ಟೇಪುಗಳನ್ನು ಪ್ಲೇಟು ಮಾಡಲು ಯೋಗ್ಯವಲ್ಲವೆಂದು ಕಟ್ಟಿಟ್ಟರು. ಮೇಳದವರು 1966ರ ಆಗಸ್ಟಿನ ಬಳಿಕ ಟಿಕೆಟ್ಟಿನ ಕಚೇರಿಗಳನ್ನೇ ನಿಲ್ಲಿಸಿದರು, 1970ರಲ್ಲಿ ಬೇರೆಬೇರೆಯಾದರು. ಟೇಪುಗಳು 1977ರಲ್ಲಿ ಪ್ಲೇಟಾಗಿ ಹೊರಬಂದವು. ಅದನ್ನು ಸಿದ್ಧಪಡಿಸಿದವರು ಅವರ ಮುದ್ರಣಗಳ ನಿರ್ದೇಶಕರಾದ ಜಾರ್ಜ್ ಮಾರ್ಟಿನ್. 2016ರಲ್ಲಿ ಅವರ ಮಗನಾದ ಜೈಲ್ಸ್ ಮಾರ್ಟಿನ್ ಹೊಸ ಉಪಾಯಗಳಿಂದ ಕೂಗನ್ನು ತಗ್ಗಿಸಿ ಹಾಡನ್ನು ಎತ್ತಿ ಮತ್ತೊಮ್ಮೆ ಪ್ರಕಟಿಸಿದರು. ಆಗ ತಿಳಿದುಬಂದದ್ದೇನೆಂದರೆ, ಆ ಗದ್ದಲದ ಕೆಳಗೆ ಅವರು ಚೆನ್ನಾಗಿಯೇ ಹಾಡುತ್ತಿದ್ದರೆಂಬುದು. ಕಚೇರಿಯ ಗುಣ ಬೇರೆ, ಮುದ್ರಿಕೆಯ ಗುಣ ಬೇರೆ, ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇದರ ಕಾರಣವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕಚೇರಿಯನ್ನು ಹಿಡಿಯುವುದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ವೇದಿಕೆಯ ಮೈಕುಗಳಿಂದ ಬರುವ ಧ್ವನಿಯನ್ನು ನೇರವಾಗಿ ತಂತಿಯ ಮೂಲಕ ಯಂತ್ರಕ್ಕೆ ಕೊಡುವುದು ಒಂದು. ಇದರಲ್ಲಿ ಕಂಠವು ಸ್ಪಷ್ಟವಾಗಿ ಬರುತ್ತದೆ. ಆದರೆ ಸಭೆಯೇ ಇರುವುದಿಲ್ಲ. ಅಲ್ಲದೆ ಸಣ್ಣ ಸಭಾಂಗಣದಲ್ಲಿ ತಾವಾಗಿಯೇ ಜೋರಾಗಿ ಕೇಳುವ ವಾದ್ಯಗಳಿಗೆ ಮೈಕನ್ನು ಕಡಿಮೆ ಕೊಟ್ಟಿರುತ್ತಾರಾದುದರಿಂದ ಅವು ಮುದ್ರಿಕೆಯಲ್ಲಿ ಸೊರಗಿಹೋಗುತ್ತವೆ. ಕೇಳುಗರ ನಡುವೆ ಮೈಕನ್ನಿಡುವುದು ಎರಡನೆಯ ದಾರಿ. ಇದರಲ್ಲಿ ಸಭೆಯ ಗಾಳಿಯೇನೋ ಬರುತ್ತದೆ. ಅದರ ಜೊತೆಗೆ ಪಕ್ಕದವರ ಕೆಮ್ಮು, ಗೋಡೆಯ ಮಾರ್ದನಿ, ಮಗುವಿನ ಅಳು ಇವೂ ಬರುತ್ತವೆ. ಬಲ್ಲವರು ಎರಡನ್ನೂ ಬೇರೆ ಬೇರೆಯಾಗಿ ಹಿಡಿದು, ಆಮೇಲೆ ಹದವರಿತು ಬೆರಸುತ್ತಾರೆ. ಅಡಿಗೆಯಲ್ಲಿ ಉಪ್ಪು ಹಾಕುವಂತೆ ಇದೂ ಕೈಯ ಅಂದಾಜಿನ ಕೆಲಸ.

ಉಪ್ಪು ಹೆಚ್ಚಾಗುವುದೂ ಉಂಟು. ಮುದ್ರಿಕೆಯು ದೋಷರಹಿತವಾಗಿರಬೇಕೆಂಬ ಆಸೆಯಿಂದ ಕೆಲವರು ಸಭೆಯಲ್ಲಿ ಹಾಡಿದುದನ್ನು ಅಳಿಸಿ, ಕೋಣೆಯಲ್ಲಿ ಮತ್ತೆ ಹಾಡಿ, ಚಪ್ಪಾಳೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಐರ್ಲೆಂಡಿನ ‘ಥಿನ್ ಲಿಝಿ’ ಮೇಳದವರ 1978ರ ಪ್ರಸಿದ್ಧವಾದ ಕಚೇರಿಮುದ್ರಿಕೆಯ ವಿಷಯದಲ್ಲಿ, ಅದರ ಬಹುಭಾಗವು ಆಮೇಲೆ ಕೋಣೆಯಲ್ಲಿ ಸೇರಿಸಿದ್ದೆಂದು ಅದನ್ನು ಸಿದ್ಧಪಡಿಸಿದ ಟೋನಿ ವಿಸ್ಕಾಂಟಿಯವರೂ, ಅಷ್ಟೇನೂ ಇಲ್ಲವೆಂದು ಮೇಳದ ಕಡೆಯವರೂ ವಾದಿಸಿದ್ದಾರೆ. ಆ ವಾದದಲ್ಲಿ ನಾವು ಕೈಹಾಕುವುದಿಲ್ಲ. ಕೇಳುಗನಿಗೆ ಬೇಕಾದ ಮಾತು ಇಷ್ಟೆ: ಮುದ್ರಿಕೆಯು ಸಭೆಯನ್ನು ಮೀರಿದ ಸೊಗಸನ್ನು ತೋರಿಸಿದರೆ, ಅದನ್ನು ನಂಬಿ ಟಿಕೆಟ್ಟು ಕೊಂಡವನು ಒಮ್ಮೆ ಬರುತ್ತಾನೆ, ಎರಡನೆಯ ಸಲ ಬರುವುದಿಲ್ಲ. ಹೆಣ್ಣು ನೋಡಲು ಹೋಗುವವರಿಗೆ ತಿದ್ದಿದ ಭಾವಚಿತ್ರವನ್ನು ಕಳುಹಿಸಿದಂತೆಯೇ ಇದು.

ಇದಕ್ಕೆ ತದ್ವಿರುದ್ಧವಾದ ಮಾರ್ಗವನ್ನು ಹಿಡಿದವರು ಅಮೆರಿಕಾದ ‘ಗ್ರೇಟ್‌ಫುಲ್ ಡೆಡ್’ ಎಂಬ ಮೇಳದವರು. ತಮ್ಮ ಕಚೇರಿಗೆ ಬಂದವರು ಟೇಪಿನ ಯಂತ್ರಗಳನ್ನು ತಂದು ಹಾಡನ್ನು ಹಿಡಿದುಕೊಂಡು ಹೋಗುವುದನ್ನು ಅವರು ತಡೆಯಲಿಲ್ಲ. 1984ರಲ್ಲಿ ಅಂಥವರಿಗಾಗಿ ಸಭೆಯಲ್ಲಿ ಪ್ರತ್ಯೇಕ ಸ್ಥಳವನ್ನೇ ಗೊತ್ತುಮಾಡಿದರು. ಹಣಕ್ಕೆ ಮಾರಬಾರದು, ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು, ಎಂಬುದೊಂದೇ ಕಟ್ಟಳೆ. ರಾಯರ ಲೆಕ್ಕದಂತೆ ಆ ಮೇಳವು ದಿವಾಳಿಯಾಗಬೇಕಾಗಿತ್ತು. ಆದದ್ದು ಬೇರೆ. ಮೂವತ್ತು ವರುಷಗಳಲ್ಲಿ ಅವರು ಎರಡು ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ಮಾಡಿದರು. ಮೊದಲ ಹತ್ತರ ಪಟ್ಟಿಗೆ ಏರಿದ ಹಾಡು ಅವರದು 1987ರಲ್ಲಿ ಒಂದೇ ಒಂದು. ಆದರೂ ಊರಿಂದೂರಿಗೆ ಅವರನ್ನು ಹಿಂಬಾಲಿಸಿ ಹೋಗುವ ಕೇಳುಗರ ಪರಿಷೆಯೇ ಇದ್ದಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಅವರ ಕಚೇರಿಯನ್ನು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಮಹಿಳೆಯು ಬಹಳ ಚೆನ್ನಾಗಿ ಮುದ್ರಿಸಿದ್ದರು. ಅದರ ಪ್ರತಿಗಳು ಕೈಯಿಂದ ಕೈಗೆ ಹೋಗಿ ಎಷ್ಟು ಪ್ರಸಿದ್ಧವಾದವೆಂದರೆ, ಅಮೆರಿಕಾದ ರಾಷ್ಟ್ರೀಯ ಗ್ರಂಥಾಲಯದವರು ಕಾಪಾಡತಕ್ಕ ಮುದ್ರಿಕೆಗಳ 2011ನೆಯ ಸಾಲಿನ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಅದು ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2017ರಲ್ಲಿ.

ಟೇಪು ಇದ್ದೂ ಜನರು ಹೋದದ್ದೇಕೆ? ಆ ಮೇಳದವರು ಒಂದು ರಾತ್ರಿ ನುಡಿಸಿದಂತೆ ಮತ್ತೊಂದು ರಾತ್ರಿ ನುಡಿಸುತ್ತಿರಲಿಲ್ಲ. ನಿನ್ನೆಯ ಮುದ್ರಿಕೆಯನ್ನು ಕೇಳಿದವನಿಗೆ, ನಾಳೆ ಏನಾದೀತು ಎಂಬ ಕುತೂಹಲವು ಹುಟ್ಟುತ್ತಿದ್ದಿತು. ಗೂಲ್ಡರ ಲೆಕ್ಕವು ತಪ್ಪಿದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಮುದ್ರಿಕೆಯು ಮುಗಿದುಹೋದ ಒಂದು ಸಂಜೆಯನ್ನು ತೋರಿಸಬಲ್ಲುದು; ಬರಲಿರುವ ಸಂಜೆಯನ್ನು ತೋರಿಸಲಾರದು.

ಇದನ್ನು ಬರೆಯುವಾಗ ನಮಗೆ ನಮ್ಮ ಸಂಗೀತವೇ ನೆನಪಾಗುತ್ತಿದೆ. ಅದೇ ಕಲ್ಯಾಣಿ, ಅದೇ ಗಾಯಕರು. ಆದರೂ ಇಂದಿನ ಆಲಾಪನೆಯು ನಾಳೆ ಇರುವುದಿಲ್ಲ. ಹೀಗಿರುವಲ್ಲಿ, ಒಳ್ಳೆಯ ಕಚೇರಿಯ ಮುದ್ರಿಕೆಯು ನಮ್ಮವರಿಗೂ ಸಭೆಯ ದಾರಿಯನ್ನು ತೋರಿಸಬೇಕು. ಕೆಟ್ಟ ಮುದ್ರಿಕೆಯು ದಾರಿಯನ್ನು ಕಟ್ಟುವುದೂ ಅಷ್ಟೇ ನಿಶ್ಚಯ. ಎರಡನೆಯದಕ್ಕೆ ನಾವೇ ಸಾಕ್ಷಿ.

ಸುಮಾರು ಇಪ್ಪತ್ತೈದು ವರುಷಗಳ ಕೆಳಗೆ ನಮ್ಮ ಬಂಧುಗಳೊಬ್ಬರು ಒಬ್ಬ ಹಿರಿಯ ವಿದ್ವಾಂಸರ ಕಚೇರಿಯ ಕ್ಯಾಸೆಟ್ಟನ್ನು ನಮಗೆ ಕೊಟ್ಟಿದ್ದರು. ಅದರಲ್ಲಿ ತಂಬೂರಿಯ ಶ್ರುತಿಯು ಕೇಳಿಸುತ್ತಿರಲಿಲ್ಲ. ಮೃದಂಗವು ತಗಡಿನ ಡಬ್ಬಿಯನ್ನು ಬಡಿದಂತಿದ್ದಿತು. ವಿದ್ವಾಂಸರ ಕಂಠವು ಒಡೆದ ಮಡಕೆಯಂತೆ ಕಿವಿಗೆ ತಾಗಿತು. “ಶಾರೀರ ಹೋಗಿದೆ, ಪಾಪ” ಎಂದು ನಾವು ತೀರ್ಮಾನಿಸಿಬಿಟ್ಟೆವು. ಆಮೇಲೆ ಮೂರು ವರುಷ ಅವರು ನಮ್ಮ ಊರಿನ ಉತ್ಸವಕ್ಕೆ ಬಂದು ಹಾಡಿದರು, ನಾವು ಹೋಗಲಿಲ್ಲ. ಮೂರನೆಯ ವರುಷ ನಮ್ಮಾಕೆ ನೆರೆಮನೆಯವರೊಡನೆ ಹೋಗಿದ್ದಳು. ರಾತ್ರಿ ಹಿಂದಿರುಗಿದವಳು ಸೀರೆಯನ್ನೂ ಬದಲಾಯಿಸದೆ ಬಹಳ ಹೊತ್ತು ನಡುಮನೆಯಲ್ಲಿ ಸುಮ್ಮನೆ ಕುಳಿತಿದ್ದು, “ನೀವು ಬರಬೇಕಾಗಿತ್ತು” ಎಂದಳು. ಮುಂದಿನ ವರುಷ ಖಂಡಿತವಾಗಿಯೂ ಹೋಗೋಣವೆಂದೆವು. ಮುಂದಿನ ಉತ್ಸವಕ್ಕೆ ಎರಡು ತಿಂಗಳು ಮೊದಲೇ ಆ ವಿದ್ವಾಂಸರು ಕಾಲವಾದರು. ಕೆಲವು ವರುಷಗಳಾದ ಬಳಿಕ ಅದೇ ಸಂಜೆಯ ಹಾಡಿಕೆಯ ಮತ್ತೊಂದು ಮುದ್ರಿಕೆಯು, ಬಲ್ಲವರು ಹಿಡಿದದ್ದು, ನಮ್ಮ ಕೈಸೇರಿತು. ಶಾರೀರವು ಮುಪ್ಪಿನದೇ ಸರಿ; ಆದರೆ ಅದು ಶ್ರುತಿಯ ಮೇಲೆ ನಿಂತ ರೀತಿ, ಪಿಟೀಲಿನವರಿಗೆ ಎಡೆಮಾಡಿಕೊಟ್ಟು ಕಾದ ರೀತಿ, ಇವೆಲ್ಲ ಅದರಲ್ಲಿವೆ. ತೋಡಿ ಮುಗಿದ ಮೇಲೆ ಒಂದು ಕ್ಷಣದ ಮೌನ, ಅನಂತರ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನಮ್ಮಾಕೆಯ ಕೈಯೂ ಉಂಟು. ನಮ್ಮದಿಲ್ಲ.

ಆದುದರಿಂದ ಅನುಭವದ ಮೇಲೆ ಎರಡು ಮೂರು ಮಾತುಗಳನ್ನು ಗೃಹಸ್ಥರಲ್ಲಿ ಅರಿಕೆ ಮಾಡುತ್ತೇವೆ.

ಮುದ್ರಿಕೆಯನ್ನು ಕೇಳುವಾಗ ಮೊದಲು ಕಂಠವನ್ನು ಬಿಟ್ಟು ಉಳಿದುದನ್ನು ಕೇಳಿರಿ. ಶ್ರುತಿಯು ಕಿವಿಗೆ ಬೀಳುತ್ತಿದೆಯೆ? ಪಿಟೀಲಿನ ಉತ್ತರವು ಕೇಳಿಸುತ್ತಿದೆಯೆ? ಹಾಡು ಮುಗಿದೊಡನೆ ಕತ್ತರಿಸಿಹಾಕಿದ್ದಾರೆಯೋ, ಸಭೆಗೆ ಉಸಿರಾಡಲು ಬಿಟ್ಟಿದ್ದಾರೆಯೋ? ತನಿಯನ್ನು ಉಳಿಸಿದ್ದಾರೆಯೋ, ಬೇಸರದ ಭಾಗವೆಂದು ತೆಗೆದಿದ್ದಾರೆಯೋ? ಇವು ಸರಿಯಾಗಿದ್ದರೆ ಆ ಮುದ್ರಿಕೆಯ ಮಾತನ್ನು ನಂಬಬಹುದು. ಇಲ್ಲವಾದರೆ ಕಲಾವಿದರ ಮೇಲೆ ತೀರ್ಪು ಕೊಡದೆ ಮತ್ತೊಂದನ್ನು ಹುಡುಕಬೇಕು. ಕೆಮ್ಮು, ಕುರ್ಚಿಯ ಸದ್ದು ಇವುಗಳಿಗೆ ಅಂಜಬೇಕಾಗಿಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಚೇರಿಯಲ್ಲಿ ರವಿಶಂಕರರೂ ಅಲಿ ಅಕ್ಬರ್ ಖಾನರೂ ವಾದ್ಯಗಳ ಶ್ರುತಿಮಾಡಿದೊಡನೆ, ಅದನ್ನೇ ಸಂಗೀತವೆಂದು ತಿಳಿದ ಸಭಿಕರು ಚಪ್ಪಾಳೆ ತಟ್ಟಿದರು. ರವಿಶಂಕರರು ನಗುತ್ತಲೇ ಅವರನ್ನು ತಿದ್ದಿದರು. ಮುದ್ರಿಕೆಯನ್ನು ಸಿದ್ಧಪಡಿಸಿದವರು ಅದನ್ನು ಕತ್ತರಿಸದೆ ಉಳಿಸಿದರು. ಆ ವರುಷದ ಡಿಸೆಂಬರಿನಲ್ಲಿ ಹೊರಬಂದ ಮುದ್ರಿಕೆಗೆ ಮುಂದೆ ಗ್ರಾಮಿ ಬಹುಮಾನವೂ ಬಂದಿತು. ಇಂದು ಅದನ್ನು ಕೇಳುವವನು ಆ ತಪ್ಪು ಚಪ್ಪಾಳೆಯಿಂದಲೇ ಸಭೆಯೊಳಕ್ಕೆ ಹೆಜ್ಜೆಯಿಡುತ್ತಾನೆ.

ಸಂಗೀತಸಭೆಗಳನ್ನು ನಡೆಸುವ ಮಹನೀಯರಿಗೂ ಒಂದು ಮಾತು. ನಮ್ಮ ಪಿಟೀಲು ಚೌಡಯ್ಯನವರು ದೊಡ್ಡ ಸಭೆಯ ಕೊನೆಯ ಸಾಲಿನವರಿಗೂ ನಾದವು ಮುಟ್ಟಬೇಕೆಂದು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿಕೊಂಡರು. ಇಂದು ಸಭೆಯ ಕೊನೆಯ ಸಾಲೆಂಬುದು ಮನೆಮನೆಯ ಫೋನಿನವರೆಗೂ ಹಬ್ಬಿದೆ. ಮಂಟಪದ ಅಲಂಕಾರಕ್ಕೆ ವೆಚ್ಚಮಾಡುವುದರಲ್ಲಿ ಒಂದು ಪಾಲನ್ನು ಬಲ್ಲ ಧ್ವನಿಮುದ್ರಣಕಾರನಿಗೆ ಕೊಟ್ಟರೆ, ಅದು ಮುಂದಿನ ವರುಷದ ಕುರ್ಚಿಗಳನ್ನು ತುಂಬುವ ವೆಚ್ಚವೆಂದೇ ತಿಳಿಯಬೇಕು.

ಇನ್ನು ರಾಯರ ಮನೆಯ ಸಂಗತಿ. ನಮ್ಮ ತೀರ್ಪಿಗೆ ಅವರು ಕಾಯಬೇಕಾಗಲಿಲ್ಲ. ನಾವು ಹೊರಟುಬಂದ ಮೇಲೆ ಮಗಳು ಆ ಮುದ್ರಿಕೆಯನ್ನು ನಡುಮನೆಯಲ್ಲಿ ಜೋರಾಗಿ ಹಾಕಿದಳಂತೆ. ಮೊಣಕಾಲ ನೋವಿನಿಂದ ಎರಡು ವರುಷ ಸಂಜೆಯ ಹೊತ್ತು ಹೊಸ್ತಿಲು ದಾಟದಿದ್ದ ರಾಯರ ತಾಯಿಯವರು ಕೋಣೆಯೊಳಗಿಂದ ಕೇಳುತ್ತಿದ್ದು, ತನಿಯು ಮುಗಿದು ಸಭೆಯು ಚಪ್ಪಾಳೆ ತಟ್ಟಿದಾಗ, “ಇಷ್ಟು ಜನ ಸೇರುತ್ತಾರೇನೋ? ನನ್ನನ್ನೂ ಕರೆದುಕೊಂಡು ಹೋಗಪ್ಪಾ” ಎಂದರಂತೆ. ರಾಯರು ಮರುಮಾತಾಡದೆ ಐದು ಟಿಕೆಟ್ಟುಗಳನ್ನು ತರಿಸಿದರು. ಅಜ್ಜಿಗೆ ಮುಂದಿನ ಸಾಲಿನ ಬದಿಯ ಕುರ್ಚಿಯನ್ನು ಕೇಳಿ ಪಡೆದರು. ಕಚೇರಿಯ ಮರುದಿನ ನಾವು ಹೋದಾಗ ರಾಯರು ಲೆಕ್ಕದ ಕಾಗದವನ್ನು ತೋರಿಸಲಿಲ್ಲ. ಆ ದಿನದ ಕಚೇರಿಯನ್ನೂ ಮುದ್ರಿಸಿದ್ದಾರೆಯೆ, ಅದು ಯಾವಾಗ ದೊರೆಯುವುದು, ಎಂದು ವಿಚಾರಿಸುತ್ತಿದ್ದರು.